ಸಿಳ್ಳೆ ಹಾಕುತ್ತಿದ್ದ ಮೂರನೆಯ ಚರಣ

ಸಿಕ್ಕಿತು. ನಮ್ಮ ಮನೆಯವರ ಬಸ್ಸಿನ ಹಾಡಿನ ಮೂರನೆಯ ಚರಣ ಸಿಕ್ಕಿತು. ಬರುವ ಶುಕ್ರವಾರ ಅವರು ವೇದಿಕೆ ಹತ್ತಿ ಆ ಹಾಡನ್ನು ಪೂರ್ತಿ ಹಾಡುತ್ತಾರೆ. ಪಕ್ಕದಲ್ಲಿ ಗಿಟಾರ್ ಹಿಡಿದು ನಮ್ಮ ಮೊಮ್ಮಗಳು ನಿಲ್ಲುತ್ತಾಳೆ. ಈ ಸುದ್ದಿಯನ್ನು ನಿನ್ನೆಯಿಂದ ಫೋನಿನಲ್ಲಿ ಊರಿನವರಿಗೆಲ್ಲ ಹೇಳಿ ಮುಗಿಸಿದ್ದೇನೆ. ನನ್ನ ತಂಗಿಗೆ ಎರಡು ಸಲ ಹೇಳಿದೆ. ಎರಡನೆಯ ಸಲ ಅವಳು, "ಅಕ್ಕ, ಇದು ಬೆಳಿಗ್ಗೆ ಹೇಳಿದ್ದೇ ಅಲ್ವಾ?" ಎಂದಳು. "ಹೌದು, ಇನ್ನೊಮ್ಮೆ ಕೇಳು," ಎಂದೆ. ಇನ್ನು ಹೇಳಲಿಕ್ಕೆ ಜನ ಉಳಿದಿಲ್ಲ, ಹಾಗಾಗಿ ಬರೆಯಲಿಕ್ಕೆ ಕೂತಿದ್ದೇನೆ.

ನಾನು ಶಾಲೆಗೆ ಹೋದದ್ದು ಐದನೆಯ ಕ್ಲಾಸಿನವರೆಗೆ. ಕನ್ನಡ ಅಕ್ಷರ ಕೈಬಿಡದೆ ಉಳಿದದ್ದು ಆದಿತ್ಯವಾರದ ಕೀರ್ತನೆ ಪುಸ್ತಕದಿಂದ. ಇಂಗ್ಲಿಷ್ ಅಕ್ಷರ ಮಾತ್ರ ಇವತ್ತಿಗೂ ನನಗೆ ಒಲಿದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಡೆದ ಅನಾಹುತಕ್ಕೆಲ್ಲ ಅದೇ ಕಾರಣ.

ನಮ್ಮವರು ರಾಕ್ ಆ್ಯಂಡ್ ರೋಲ್ ಹಾಡುಗಾರರು. ಮಂಗಳೂರಿನಲ್ಲಿ ಅವರದ್ದು ನಾಲ್ಕು ಜನರ ಬ್ಯಾಂಡು ಇತ್ತು. ಹಡಗಿನಲ್ಲಿ ಕೆಲಸ ಮಾಡುತ್ತಿದ್ದ ನೆರೆಮನೆಯವರು ತಂದ ಗ್ರಾಮಫೋನ್ ತಟ್ಟೆಗಳನ್ನು ಕೇಳಿ ಕೇಳಿ ಕಲಿತದ್ದು. ಮದುವೆಯ ರಿಸೆಪ್ಶನ್ನಿಗೆ ಕರೆದರೆ ಇಂಗ್ಲಿಷ್ ಹಾಡುಗಳನ್ನು ಹಾಡುತ್ತಿದ್ದರು, ಜನ ಕೇಳುತ್ತಿದ್ದದ್ದು ಅದನ್ನೇ. ಆದರೆ ಇವರು ಕನ್ನಡದಲ್ಲಿ ತಾವೇ ಬರೆದ ಹಾಡುಗಳನ್ನು ಕೇಕು ಕತ್ತರಿಸಿದ ಕೂಡಲೇ ನಡುವೆ ನುಗ್ಗಿಸುತ್ತಿದ್ದರು. ಆಗ ಎಲ್ಲರ ಬಾಯಿಯಲ್ಲೂ ಕೇಕು ಇರುತ್ತಿತ್ತು, ಬೇಡ ಎನ್ನುವವರು ಯಾರೂ ಇರುತ್ತಿರಲಿಲ್ಲ. ಹೊಳೆಯುವ ಕಪ್ಪು ಜಾಕೆಟೊಂದಿತ್ತು. ಕೋಟಿನ ಒಳಬದಿಗೆ ಹಾಕುವ ಸ್ಯಾಟಿನ್ ಬಟ್ಟೆಯನ್ನು ದರ್ಜಿಗೆ ಹೇಳಿ ಹೊರಬದಿಗೆ ಹಾಕಿಸಿದ್ದು. ಬೆವರಿದರೆ ಬಣ್ಣ ಬಿಡುತ್ತಿತ್ತು. ಮದುವೆಯಾದ ಹೊಸತರಲ್ಲಿ ಅವರ ಬಿಳಿ ಅಂಗಿಗಳ ಕಂಕುಳಿನ ಕಪ್ಪು ತೆಗೆಯುವುದೇ ನನ್ನ ಸಂಸಾರವಾಗಿತ್ತು.

ಮಗಳು ಹುಟ್ಟಿ ನಾಲ್ಕು ತಿಂಗಳಿಗೆ ಅವರು ಕತಾರಿಗೆ ಬಂದರು. ಒಂದು ಕಂಪನಿಯಲ್ಲಿ ಸ್ಟೋರ್‌ಕೀಪರ್ ಆದರು, ನಿವೃತ್ತಿಯವರೆಗೂ ಅದೇ ಕೆಲಸ. ಎರಡು ವರ್ಷ ಬಿಟ್ಟು ನಾನೂ ಮಗಳೂ ಬಂದೆವು. ಹಾಡು ಮಾತ್ರ ನಿಲ್ಲಲಿಲ್ಲ. ಶುಕ್ರವಾರಗಳಲ್ಲಿ ನಮ್ಮ ಊರ ಕಡೆಯವರೆಲ್ಲ ಯಾರದಾದರೂ ವಿಲ್ಲಾದಲ್ಲಿ ಸೇರುತ್ತಿದ್ದರು. ಗೋಡೆಯಾಚೆಯವರು ಗೋಡೆ ತಟ್ಟಲು ಶುರು ಮಾಡಿದ ಮೇಲೆ ವ್ಯಾನಿನಲ್ಲಿ ಅಲ್ ಶಮಾಲ್ ಕಡೆಗೆ ಹೋಗಿ ಸಮುದ್ರದ ಬದಿಯಲ್ಲಿ ಚಾಪೆ ಹಾಸಿ ಹಾಡುತ್ತಿದ್ದರು. ಎಲ್ಲರೂ ಕಡೆಗೆ ಕೇಳುತ್ತಿದ್ದದ್ದು ಒಂದೇ, ಬಸ್ಸಿನ ಹಾಡು. ಆರು ಗಂಟೆಯ ಬಸ್ಸು ತಪ್ಪಿ, ಹೊಸ ಬೂಟು ಹಾಕಿಕೊಂಡು, ಹೆಂಡತಿ ಕಾಯುತ್ತಿರುವ ಮನೆಗೆ ನಡೆದುಹೋಗುವ ಒಬ್ಬ ಹುಡುಗನ ಹಾಡು ಅದು. ಮೂರು ಚರಣದ ಹಾಡು. ಇವರಿಗೆ ನೆನಪಿದ್ದದ್ದು ಎರಡು. ಬರೆದಿಟ್ಟ ಪುಸ್ತಕಕ್ಕೆ ಊರಿನಲ್ಲಿ ಗೆದ್ದಲು ಹಿಡಿಯಿತು, ರೆಕಾರ್ಡು ಮಾಡಿದ್ದ ಒಂದೇ ಕ್ಯಾಸೆಟ್ ಕಳೆದುಹೋಗಿತ್ತು. ಮೂರನೆಯ ಚರಣದ ಜಾಗದಲ್ಲಿ ಇವರು ಸಿಳ್ಳೆ ಹಾಕುತ್ತಿದ್ದರು. ಹಾಡು ಇರುವುದೇ ಹಾಗೆ ಎಂದು ಜನ ತಿಳಿದಿದ್ದರು.

ಈಗ ನಾವು ಅಲ್ ಗರಾಫಾದಲ್ಲಿ ಮಗಳ ಮನೆಯಲ್ಲಿದ್ದೇವೆ. ನಮ್ಮ ಕರಾವಳಿಯವರ ಸಂಘವೊಂದು ಈ ಸಲ ಇಲ್ಲಿನ ಹಳೆಯ ಹಾಡುಗಾರರನ್ನು ಕರೆದು ಒಂದು ಸಂಜೆಯ ಕಾರ್ಯಕ್ರಮ ಇಟ್ಟುಕೊಂಡಿದೆ. ಒಬ್ಬೊಬ್ಬರಿಗೂ ಒಂದು ಮೇಜು, ಅದರ ಮೇಲೆ ಅವರ ಹಳೆಯ ಸಾಮಾನು. ನಮ್ಮ ಮೇಜಿನ ಜವಾಬ್ದಾರಿ ಹದಿನೇಳರ ಮೊಮ್ಮಗಳದ್ದು. ಕಳೆದ ವಾರ ಅವಳು ಅಜ್ಜನ ಪೆಟ್ಟಿಗೆಯನ್ನು ಹಾಲಿನ ನೆಲದ ಮೇಲೆ ಸುರಿದುಕೊಂಡು ಕೂತಳು.

"ಅಜ್ಜ, ಈ ಪ್ಲಾಸ್ಟಿಕ್ ಪೀಸ್ ಎಲ್ಲ ಎಂತ?"

"ಗಿಟಾರಿನ ಪಿಕ್. ಫೋನ್ ಕಾರ್ಡು ಕತ್ತರಿಸಿ ಮಾಡಿದ್ದು. ನಿನ್ನ ಅಜ್ಜಿ ಅವಳ ಅಮ್ಮನ ಹತ್ತಿರ ಮಾತಾಡಿ ಮುಗಿಸಿದ ಕಾರ್ಡುಗಳು."

"ಇಷ್ಟೊಂದಾ?"

"ಅವಳು ಹಲೋ ಹೇಳಿ ಮುಗಿಯುವಾಗ ಒಂದು ಕಾರ್ಡು ಖಲಾಸ್. ನನಗೆ ಪಿಕ್‌ಗೆ ಯಾವತ್ತೂ ಬರಗಾಲ ಬರಲಿಲ್ಲ."

ಜಾಕೆಟು ಸಿಕ್ಕಿತು. ಮೂತಿ ಚೂಪಾದ ಬೂಟು ಸಿಕ್ಕಿತು, ಒಂದರ ಅಟ್ಟೆ ಕೈಗೇ ಬಂತು. ಮದುವೆ ಮನೆಯವರು ಕೊಟ್ಟ ಎರಡು ಫೋಟೋ. ಒಂದರಲ್ಲಿ ಇವರ ಮುಖದ ಮುಂದೆ ಯಾರದೋ ಕೈಯ ಐಸ್‌ಕ್ರೀಮ್ ಬಟ್ಟಲು. ಎಲ್ಲವನ್ನೂ ನೋಡಿದ ಮೇಲೆ ಅವಳು ಕೇಳಿದಳು, "ಅಜ್ಜ, ಪ್ರೋಗ್ರಾಮ್‌ನವರು ಕೇಳ್ತಾ ಇದ್ದಾರೆ. ನೀವು ಬಸ್ ಸಾಂಗ್ ಹಾಡ್ತೀರಲ್ಲ? ನಾನು ಗಿಟಾರ್ ಬಾರಿಸ್ತೇನೆ."

"ಜಾಕೆಟು ಇಡು, ಬೂಟು ಇಡು. ಬೇಕಾದ್ರೆ ನನ್ನನ್ನೂ ಒಂದು ಕುರ್ಚಿಯಲ್ಲಿ ಕೂರಿಸಿ ಚೀಟಿ ಅಂಟಿಸು. ಹಾಡುವುದಿಲ್ಲ."

"ಯಾಕೆ?"

"ಅದು ಅರ್ಧ ಹಾಡು. ಸಮುದ್ರದ ಬದಿಯಲ್ಲಿ ಸಿಳ್ಳೆ ಹಾಕಿದ್ರೆ ನಡೀತದೆ. ಸ್ಟೇಜಿನಲ್ಲಿ ಹಾಗೆಲ್ಲ ಆಗುವುದಿಲ್ಲ."

"ಥರ್ಡ್ ಹೊಸತು ಬರೀರಿ, ಅಜ್ಜ."

"ಅದನ್ನು ಬರೆದದ್ದು ಇಪ್ಪತ್ತಾರು ವರ್ಷದ ಹುಡುಗ. ಎಪ್ಪತ್ತರ ಮುದುಕ ಬಾಲ ಅಂಟಿಸಿದ್ರೆ ಎಲ್ಲರಿಗೂ ಗೊತ್ತಾಗ್ತದೆ."

ಮೊಮ್ಮಗಳು ನನ್ನ ಮುಖ ನೋಡಿದಳು. ನನಗೆ ಇವರ ಹಟ ಗೊತ್ತು. ಇನ್ನೊಂದೂ ಗೊತ್ತಿತ್ತು. ಈಚೆಗೆ ಇವರಿಗೆ ಎರಡು ಸಾಲು ಹಾಡಿದರೆ ಏದುಸಿರು ಬರುತ್ತದೆ. ಸಂಘದವರು ಮುಂದಿನ ಸಲ ಕರೆಯುವಾಗ ಸ್ವರ ಇರುತ್ತದೆಯೋ ಇಲ್ಲವೋ. ಹಾಡುವುದಿದ್ದರೆ ಈ ಸಲವೇ.

ಮರುದಿನ ಅವಳು ಗಿಟಾರಿನ ಪೆಟ್ಟಿಗೆಯನ್ನು ಒರೆಸುತ್ತಿದ್ದಳು. ಒಳಗಿನ ಕೆಂಪು ಬಟ್ಟೆ ಒಂದು ಕಡೆ ಬಿಟ್ಟುಕೊಂಡಿತ್ತು. ಅದರ ಹಿಂದಿನಿಂದ ಒಂದು ಕ್ಯಾಸೆಟ್ ತೆಗೆದಳು. ಮೇಲಿನ ಕಾಗದದ ಇಂಗ್ಲಿಷನ್ನು ಗಟ್ಟಿಯಾಗಿ ಓದಿದಳು, "ಮೈ ಓನ್ ಸಾಂಗ್ಸ್. ಡು ನಾಟ್ ಟಚ್." ಆಮೇಲೆ ನನ್ನ ಕಡೆಗೆ ತಿರುಗಿಸಿ, "ಅಜ್ಜಿ, ಕೆಳಗೆ ಕನ್ನಡದಲ್ಲಿ ಉಂಟು. ಇದು ನಿಮ್ಮ ಹ್ಯಾಂಡ್‌ರೈಟಿಂಗ್ ಅಲ್ವಾ?" ಎಂದಳು.

ನನ್ನದೇ. 'ಕಾಗದ. ಮಗುವಿನ ಸ್ವರ ಉಂಟು' ಎಂದು ಬರೆದಿತ್ತು. ಅವಳ ಕೈಯಿಂದ ಕ್ಯಾಸೆಟನ್ನು ಕಿತ್ತುಕೊಂಡೆ.

ಈಗಿನವರಿಗೆ ಹೇಳಬೇಕು. ಆಗ ಊರಿಗೂ ಗಲ್ಫಿಗೂ ಕಾಗದಕ್ಕಿಂತ ಹೆಚ್ಚು ಓಡಾಡುತ್ತಿದ್ದದ್ದು ಕ್ಯಾಸೆಟ್. ಟೇಪ್ ರೆಕಾರ್ಡರಿನ ಮುಂದೆ ಕೂತು ಮಾತಾಡಿ, ಹೊರಡುವವರ ಕೈಯಲ್ಲಿ ಕೊಟ್ಟು ಕಳುಹಿಸುವುದು. ನನ್ನಂಥ ಕಡಿಮೆ ಓದಿನವರಿಗೆ ಅದೊಂದು ದೊಡ್ಡ ಉಪಕಾರವಾಗಿತ್ತು. ಒಂದು ಆದಿತ್ಯವಾರ ನೆರೆಮನೆಯವರು ಬಂದು, ತಮ್ಮ ಅಳಿಯ ನಾಳೆ ದೋಹಾಕ್ಕೆ ಹೊರಡುತ್ತಾನೆ, ಏನಾದರೂ ಕೊಡುವುದುಂಟೋ ಎಂದು ಕೇಳಿದರು. ಅಂಗಡಿ ಮುಚ್ಚಿತ್ತು. ಮನೆಯಲ್ಲಿ ಖಾಲಿ ಕ್ಯಾಸೆಟ್ ಇರಲಿಲ್ಲ. ಇವರ ಕಪಾಟಿನಲ್ಲಿ ಇಂಗ್ಲಿಷ್ ಬರೆದ ಕ್ಯಾಸೆಟ್‌ಗಳ ಸಾಲೇ ಇತ್ತು. ಇಂಗ್ಲಿಷ್ ಹಾಡು ಪೇಟೆಯಲ್ಲಿ ಎಷ್ಟು ಬೇಕಾದರೂ ಸಿಗುತ್ತದೆ ಎಂದುಕೊಂಡು ಒಂದನ್ನು ತೆಗೆದೆ. ಹಾಡು ಅಳಿಸಿಹೋಗದ ಹಾಗೆ ಕ್ಯಾಸೆಟಿನ ಬೆನ್ನಿನಲ್ಲಿ ಸಣ್ಣ ಪ್ಲಾಸ್ಟಿಕ್ ತುಂಡೊಂದನ್ನು ಮುರಿದಿಡುತ್ತಾರೆ, ಆ ತೂತು ಇದ್ದರೆ ರೆಕಾರ್ಡಿನ ಗುಂಡಿ ಒತ್ತಲಿಕ್ಕೆ ಬರುವುದಿಲ್ಲ. ನಮ್ಮ ಬೀದಿಯ ಗಲ್ಫ್ ಹೆಂಡಂದಿರಿಗೆಲ್ಲ ಅದರ ಉಪಾಯ ಗೊತ್ತಿತ್ತು. ತೂತಿಗೆ ಹತ್ತಿ ತುರುಕಿದರಾಯಿತು. ನಾನೂ ತುರುಕಿದೆ.

ತಮ್ಮ ಹಾಡಿನ ಆ ಕ್ಯಾಸೆಟ್ ವಿಲ್ಲಾ ಬದಲಿಸುವಾಗ ಎಲ್ಲೋ ಕಳೆದುಹೋಯಿತು ಎಂದೇ ಇವರು ಇಷ್ಟು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಿದ್ದರು. ಚರ್ಚಿನ ಹಾಲಿನಲ್ಲಿ, ಕೇರಂ ಬೋರ್ಡಿನ ಮೇಲೆ ಒಂದೇ ಮೈಕು ಇಟ್ಟು, ನಾಲ್ಕು ಜನ ಸುತ್ತ ನಿಂತು ರೆಕಾರ್ಡು ಮಾಡಿದ್ದು ಅದು. ಬೇರೆ ಪ್ರತಿ ಇರಲಿಲ್ಲ.

ಕ್ಯಾಸೆಟ್ ಹಿಡಿದುಕೊಂಡು ಬಾಲ್ಕನಿಗೆ ಹೋದೆ. ಇವರು ಕುಂಡದ ಬಸಳೆಗೆ ನೀರು ಹಾಕುತ್ತಿದ್ದರು.

"ಇದು ಕಳೆದುಹೋಗಿದೆ ಅಂತ ಹೇಳಿದ್ದು ಯಾರು?"

ಕೈಯಲ್ಲಿದ್ದದ್ದನ್ನು ನೋಡಿದರು. "ಕಳೆದಿತ್ತು. ಈಗ ಸಿಕ್ಕಿತಲ್ಲ."

"ಅಳಿಸಿದ್ದು ನಾನು ಅಂತ ನಿಮಗೆ ಗೊತ್ತಿತ್ತು."

"ದೋಹಾದಲ್ಲಿ ಕಟ್ಟು ಬಿಚ್ಚಿದ ದಿನವೇ ಗೊತ್ತಾಯ್ತು."

"ಹಾಗಾದ್ರೆ ಬೈಯಬೇಕಿತ್ತು."

"ಬೈಲಿಕ್ಕೂ ಒಂದು ಕ್ಯಾಸೆಟ್ ಬೇಕಿತ್ತು. ನನ್ನ ಹತ್ತಿರ ಇರಲಿಲ್ಲ."

ನನಗೆ ನಗು ಬರಲಿಲ್ಲ. ಸ್ಟೂಲಿನ ಮೇಲೆ ಕೂತುಬಿಟ್ಟೆ. ಇವರು ನೀರಿನ ಮಗ್ಗು ಕೆಳಗಿಟ್ಟು ಕ್ಯಾಸೆಟನ್ನು ತಿರುಗಿಸಿ ತೋರಿಸಿದರು. "ನನಗೆ ಬೇಸರ ಇದ್ದದ್ದು ಒಂದೇ. ನೋಡು, ಈ ಬದಿಯಲ್ಲಿ ನನ್ನ ಹಾಡು, ಹಾಗಾಗಿ ಮುರಿದಿದ್ದೆ. ಆ ಬದಿ ಮುರಿಯಲಿಲ್ಲ. ಯಾಕೆ ಹೇಳು? ಅದು ಪೂರ್ತಿ ಖಾಲಿ ಇತ್ತು, ಮಾರಾಯ್ತಿ. ನೀನು ಖಾಲಿ ಬದಿ ಬಿಟ್ಟು, ಕಷ್ಟಪಟ್ಟು ಹತ್ತಿ ತುರುಕಿ, ಹಾಡಿನ ಬದಿಯನ್ನೇ ಹಿಡಿದಿದ್ದಿ."

ಆಗ ನಾನು ಅತ್ತೆ.

"ಬಸಳೆಯ ಮೇಲೆ ಬೀಳ್ತದೆ, ಆಚೆ ತಿರುಗಿ ಅಳು," ಎಂದರು. ಮಗ್ಗು ಎತ್ತಿಕೊಂಡು, "ನೀನು ಬರೆದದ್ದು ಸುಳ್ಳಲ್ಲ. ಮಗುವಿನ ಸ್ವರ ಇತ್ತು ಅದರಲ್ಲಿ. ಬಿಸಾಡ್ಲಿಕ್ಕೆ ಆಗ್ತದಾ?" ಎಂದರು.

ಅದನ್ನು ಕೇಳಿದ್ದೂ ಒಂದೇ ಸಲವಂತೆ. ಆಗ ಒಂದು ಕೋಣೆಯಲ್ಲಿ ಆರು ಜನ, ಆರು ಜನಕ್ಕೆ ಒಂದೇ ಟೇಪ್ ರೆಕಾರ್ಡರ್. ಊರಿನಿಂದ ಯಾರಾದರೂ ಬಂದ ದಿನ ಎಲ್ಲರಿಗೂ ಕ್ಯಾಸೆಟ್ ಬಂದಿರುತ್ತಿತ್ತು. ಒಬ್ಬೊಬ್ಬರೇ ತಲೆಗೆ ಹೊದಿಕೆ ಹಾಕಿ ಮೆತ್ತಗೆ ಕೇಳುವುದು. ಹೆಂಡತಿ 'ಇಡ್ತೇನೆ' ಎಂದ ಕೂಡಲೇ ಟಕ್ಕನೆ ನಿಲ್ಲಿಸಿ ಮುಂದಿನವನಿಗೆ ಕೊಡಬೇಕು, ಅದು ಕೋಣೆಯ ಕಾಯಿದೆ. ಬಸ್ಸಿನ ಹಾಡು ಆ ಬದಿಯ ಮೊದಲಲ್ಲೇ ಇದ್ದದ್ದು, ಅದರ ಮೇಲೆಯೇ ನನ್ನ ಮಾತು ಕೂತಿತ್ತು, ಹಾಗಾಗಿ ಆಮೇಲೆ ಇವರಿಗೆ ಅದನ್ನು ಇನ್ನೊಮ್ಮೆ ಹಾಕುವ ಮನಸ್ಸಾಗಲಿಲ್ಲ.

ಮೊಮ್ಮಗಳು ಬಿಡಬೇಕಲ್ಲ. ತನ್ನ ಅಮ್ಮ ಮಗುವಾಗಿದ್ದಾಗಿನ ಸ್ವರ ಕೇಳಲೇಬೇಕು, ಮೇಜಿನ ಮೇಲೆ ಹಾಕಲೇಬೇಕು. ಆದರೆ ಕ್ಯಾಸೆಟ್ ಹಾಕುವ ಯಂತ್ರ ಈಗ ಯಾರ ಮನೆಯಲ್ಲಿದೆ? ಅಳಿಯ ವೆಸ್ಟ್ ಬೇಯ ಆಫೀಸಿನಲ್ಲಿ ಎಲ್ಲರ ಹತ್ತಿರ ವಿಚಾರಿಸಿ ಬಂದು, "ಮಾಫಿ, ಇಲ್ಲವೇ ಇಲ್ಲ, ಅತ್ತೆ. ಅಷ್ಟು ದೊಡ್ಡ ಬಿಲ್ಡಿಂಗಿನಲ್ಲಿ ಒಂದೂ ಇಲ್ಲ. ಅರ್ಧ ಜನಕ್ಕೆ ಕ್ಯಾಸೆಟ್ ಎಂದ್ರೆ ಎಂತ ಅಂತಲೇ ಗೊತ್ತಿಲ್ಲ," ಎಂದ. ಕೊನೆಗೆ ದಾರಿ ತೋರಿಸಿದ್ದು ನಮ್ಮ ಕಟ್ಟಡದ ಕಾವಲಿನವ. ನೀರಿನ ಕ್ಯಾನು ತರುವ ವಯಸ್ಸಾದ ಪಠಾಣರ ಪಿಕಪ್ಪಿನಲ್ಲಿ ಕ್ಯಾಸೆಟ್ ಪ್ಲೇಯರ್ ಇದೆ, ಅವರು ದಿನವೂ ಅವರ ಊರಿನ ಹಾಡು ಹಾಕಿಕೊಂಡೇ ಬರುವುದು ಎಂದ.

ನಿನ್ನೆ ಮಧ್ಯಾಹ್ನ ನಾಲ್ಕು ಗಂಟೆಗೆ ಪಠಾಣರು ಬಂದರು. ಮೊದಲು ಕ್ಯಾಸೆಟನ್ನು ಬಿಸಿಲಿಗೆ ಹಿಡಿದು ನೋಡಿದರು. ಪೆನ್ನು ತುರುಕಿ ಆ ಕಡೆ ಈ ಕಡೆ ಸುತ್ತಿ ಸಡಿಲ ಮಾಡಿದರು. ಆಮೇಲೆ ಹಿಂದಿಯಲ್ಲಿ ಒಂದು ಷರತ್ತು ಹಾಕಿದರು. ತನ್ನ ಯಂತ್ರ ಮುದಿಯಾಗಿದೆ, ಮಧ್ಯದಲ್ಲಿ ಗುಂಡಿ ಒತ್ತಿದರೆ ಟೇಪನ್ನು ತಿಂದುಹಾಕುತ್ತದೆ. ಒಮ್ಮೆ ಹಾಕಿದ ಮೇಲೆ ಕೊನೆಯವರೆಗೆ ಓಡಿ ಅದಾಗಿಯೇ ನಿಲ್ಲಬೇಕು, ಯಾರೂ ಮುಟ್ಟಬಾರದು.

ಇವರು ಸ್ಟಿಯರಿಂಗಿನ ಮುಂದೆ ಕೂತರು, ನಾನು ಆಚೆ ಬದಿಯಲ್ಲಿ, ನಮ್ಮಿಬ್ಬರ ನಡುವೆ ಮೊಮ್ಮಗಳು ಫೋನಿನಲ್ಲಿ ರೆಕಾರ್ಡು ಮಾಡಿಕೊಳ್ಳುತ್ತಾ. ಪಠಾಣರು ಕಿಟಕಿಯ ಹತ್ತಿರ ನಿಂತರು. ಅಳಿಯ ಹಿಂದೆ ನಿಂತು ಬರುವ ಕಾರುಗಳಿಗೆ ಕೈ ತೋರಿಸುತ್ತಿದ್ದ.

ಸರಸರ ಎಂದು ಸದ್ದು ಬಂತು. ಆಮೇಲೆ ನಾನು. ಇಪ್ಪತ್ತೆರಡು ವರ್ಷದ ನಾನು. ಕತಾರ್ ಹೊಳೆಯ ಆಚೆ ದಡದಲ್ಲಿದೆ ಎನ್ನುವ ಹಾಗೆ ಕೂಗಿ ಕೂಗಿ ಮಾತಾಡಿದ್ದೆ. ಬಾವಿಯ ನೀರು ಕೆಳಗೆ ಹೋಗಿದೆ, ಮಗುವಿಗೆ ಒಂದು ಹಲ್ಲು ಬಂದಿದೆ, ನಿಮ್ಮ ಅಮ್ಮನ ಮೊಣಕಾಲು ನೋವು ಹಾಗೇ ಉಂಟು, ನೀವು ಬನಿಯನ್ ಒಗೆಯದೆ ಹಾಕಬೇಡಿ. ನಡುನಡುವೆ ಮಗುವಿನ ಕೇಕೆ.

"ಅಜ್ಜಿ, ನೀವು ಉಸಿರು ಯಾವಾಗ ತೆಗೆದುಕೊಂಡದ್ದು?" ಎಂದಳು ಮೊಮ್ಮಗಳು.

"ಅವಳು ಇನ್ನೂ ತೆಗೆದುಕೊಳ್ಳಲಿಲ್ಲ," ಎಂದರು ಇವರು.

ಕೊನೆಗೆ, "ಆಯ್ತು, ಇಡ್ತೇನೆ," ಎಂದಿತು ನನ್ನ ಸ್ವರ. ಇವರ ಕೈ ತನ್ನಷ್ಟಕ್ಕೆ ಗುಂಡಿಯ ಹತ್ತಿರ ಹೋಯಿತು. ಪಠಾಣರು ಕಿಟಕಿಯೊಳಗೆ ಕೈ ಹಾಕಿ ತಡೆದರು. ಕಾಯಿದೆ ಕಾಯಿದೆಯೇ.

ಟೇಪು ಓಡುತ್ತಲೇ ಇತ್ತು. ಆವತ್ತು ಮಾತು ಮುಗಿಸಿದ ನಾನು ಗುಂಡಿ ಒತ್ತಲಿಕ್ಕೆ ಮರೆತಿದ್ದೆ. ಪಾತ್ರೆ ಇಟ್ಟ ಸದ್ದು ಕೇಳಿಸಿತು. ಕಾಗೆ ಕೂಗಿತು. ಮಗು ಅಳಲಿಕ್ಕೆ ಶುರು ಮಾಡಿತು, ಎಂಥ ಅಳು. ತೊಟ್ಟಿಲಿನ ಹಗ್ಗ ಕಿರ್ ಕಿರ್ ಎಂದಿತು. ಆಮೇಲೆ ದೂರದಲ್ಲಿ ನಾನು ಹಾಡಿದೆ. ಆ ದಿನಗಳಲ್ಲಿ ಇವರು ಮನೆಯಲ್ಲಿ ಯಾವಾಗಲೂ ಗುನುಗುತ್ತಿದ್ದದ್ದು ಅದೊಂದೇ, ನನಗೆ ಬಾಯಿಪಾಠ ಬರುತ್ತಿದ್ದದ್ದೂ ಅದೊಂದೇ. ಜೋಗುಳದ ಹಾಗೆ ನಿಧಾನವಾಗಿ ಎಳೆದು ಎಳೆದು ಬಸ್ಸಿನ ಹಾಡನ್ನು ಹಾಡುತ್ತಿದ್ದೆ. ಮಗಳು ತೊಟ್ಟಿಲು ಬಿಟ್ಟ ಮೇಲೆ ಯಾರಿಗೆ ಹಾಡುವುದು? ನನಗೂ ಮರೆತುಹೋಗಿತ್ತು.

ಮೊದಲನೆಯ ಚರಣ ಮುಗಿಯಿತು. ಎರಡನೆಯದೂ ಮುಗಿಯಿತು. ಮಗು ಇನ್ನೂ ಮಲಗಿರಲಿಲ್ಲ. ದೇವರಿಗೆ ಸ್ತೋತ್ರ, ಅದು ಮಲಗಲಿಲ್ಲ. ಹಾಗಾಗಿ ನಾನು ಮುಂದೆ ಹಾಡಿದೆ:

ಬಾಗಿಲು ಹಾಕಬೇಡ ಹುಡುಗಿ, ಗಂಜಿ ಆರಲಿ ಬಿಡು,
ಬೂಟು ಕಳಚಿ ಕೈಯಲಿ ಹಿಡಿದು ಬಂದೆ ನೋಡು,
ದಾರಿಯಲ್ಲಿ ಜೊತೆಗೆ ಸಿಕ್ಕವ ಒಬ್ಬ ಉಂಟು,
ಅವನಿಗೂ ಒಂದು ತಟ್ಟೆ ಇಡು.

ನಾನು ಇವರ ಮುಖ ನೋಡಲಿಲ್ಲ, ಧೈರ್ಯ ಸಾಲಲಿಲ್ಲ. ಕೆಳಗೆ ನೋಡಿದರೆ ಇವರ ಬಲಗಾಲು ಬ್ರೇಕಿನ ಮೇಲೆ ತಾಳ ಹಾಕುತ್ತಿತ್ತು. ನನ್ನ ಜೋಗುಳಕ್ಕೆ ಅವರ ಕಾಲು ಬ್ಯಾಂಡಿನ ವೇಗ ಕೊಡುತ್ತಿತ್ತು. ಹಿಂದಿನಿಂದ ಅಳಿಯ, "ಮಾವ, ಬ್ರೇಕ್ ಲೈಟು ಯಾಕೆ ಮಿಣುಕ್ ಮಿಣುಕ್ ಆಗ್ತಾ ಉಂಟು? ಎಂತಾಯ್ತು?" ಎಂದು ಕೂಗಿದ.

ಟೇಪು ಟಕ್ ಎಂದು ತನ್ನಷ್ಟಕ್ಕೆ ನಿಂತಿತು. ಇವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ ಆ ನಾಲ್ಕು ಸಾಲನ್ನು ಹಾಡಿದರು, ಮದುವೆ ಹಾಲಿನಲ್ಲಿ ಹಾಡುತ್ತಿದ್ದ ಹಾಗೆಯೇ, ಸ್ಟಿಯರಿಂಗ್ ತಟ್ಟಿಕೊಂಡು. ಮೂರನೆಯ ಸಾಲಿನಲ್ಲಿ ಉಸಿರು ಸಾಲದೆ ನಿಲ್ಲಿಸಿ, ಇನ್ನೊಮ್ಮೆ ಅಲ್ಲಿಂದಲೇ ಹಿಡಿದು ಮುಗಿಸಿದರು. ಪಠಾಣರು ಕಿಟಕಿಯಿಂದ ಕೈ ಚಾಚಿ ಅವರ ಹೆಗಲು ತಟ್ಟಿದರು.

"ಶುಕ್ರವಾರ ಎಷ್ಟು ಗಂಟೆಗೆ?" ಎಂದರು ಇವರು ಮೊಮ್ಮಗಳಿಗೆ.

ಅವಳು ಆರು ಬೆರಳು ತೋರಿಸಿದಳು. ಆಮೇಲೆ, "ಅಜ್ಜ, ಸಿಳ್ಳೆ ಬಿಡಬೇಡಿ. ಥರ್ಡ್ ಆದ ಮೇಲೆ ಅದೂ ಇರಲಿ," ಎಂದಳು.

"ಇರ್ತದೆ. ಮೂರನೆಯದು ಹಾಡಿದ ಮೇಲೆ ಉಸಿರು ತೆಗೆದುಕೊಳ್ಳಲಿಕ್ಕೆ ಒಂದು ನೆಪ ಬೇಕಲ್ಲ. ನಾನು ಸಿಳ್ಳೆ ಹಾಕುವಾಗ ನೀನು ಬಾರಿಸು."

ಪಠಾಣರು ಹೊರಡಲು ಗಾಡಿ ಹತ್ತಿದರು. ಇವರು ಬಾಗಿಲು ಹಿಡಿದುಕೊಂಡು, ಊಟ ಮಾಡದೆ ಹೋಗುವ ಹಾಗಿಲ್ಲ ಎಂದರು. ಇನ್ನೂ ಹತ್ತು ಕ್ಯಾನು ಉಂಟು, ಮುಗಿಸಿ ಬರುತ್ತೇನೆ ಎಂದು ಮಾತು ಕೊಟ್ಟು ಅವರು ಹೋದರು. ಹೇಳಿದ ಹಾಗೆ ಸಂಜೆ ಏಳಕ್ಕೆ ಬಿಸಿ ಖುಬೂಸ್ ರೊಟ್ಟಿ ಹಿಡಿದುಕೊಂಡು ಬಂದರು.

ನಾನು ಕುಚ್ಚಲಕ್ಕಿಯ ಗಂಜಿ ಮಾಡಿದ್ದೆ. ಇಂಥ ದಿನ ಬಿರಿಯಾನಿ ತರಿಸುವ ಎಂದು ಅಳಿಯ ಹೇಳಿದ್ದ, ನಾನು ಒಪ್ಪಲಿಲ್ಲ. ಒಣಮೀನಿನ ಚಟ್ನಿ, ಬಸಳೆ ಸಾರು, ಹಮೂರ್ ಮೀನು ಹುರಿದದ್ದು. ಐದು ಜನರ ಮೇಜಿಗೆ ಆರು ತಟ್ಟೆ ಇಟ್ಟೆ. ಮಗಳು ಕೆಲಸದಿಂದ ಬಂದವಳು ಬ್ಯಾಗು ಕೂಡ ಕೆಳಗಿಡದೆ ಫೋನಿನಲ್ಲಿ ತನ್ನ ಅಳುವನ್ನು ಮೂರು ಸಲ ಕೇಳಿದಳು.

"ಅಮ್ಮ, ನಾನು ಇಷ್ಟು ಹಟಮಾರಿ ಇದ್ದೆನಾ?"

"ಅಪ್ಪನ ಮಗಳು," ಎಂದೆ.

"ನೀನು ಎರಡನೆಯ ಚರಣಕ್ಕೇ ಮಲಗಿದ್ರೆ ನಾನು ಶುಕ್ರವಾರ ಕುರ್ಚಿಯಲ್ಲಿ ಚೀಟಿ ಅಂಟಿಸಿಕೊಂಡು ಕೂರಬೇಕಿತ್ತು," ಎಂದರು ಇವರು. ಅವಳ ತಟ್ಟೆಗೆ ತಮ್ಮ ಮೀನಿನ ದೊಡ್ಡ ತುಂಡನ್ನು ಹಾಕಿದರು.

ಪಠಾಣರು ಖುಬೂಸನ್ನು ಗಂಜಿಯಲ್ಲಿ ಅದ್ದಿ ತಿಂದು ನೋಡಿ, ಚಟ್ನಿ ಇನ್ನೂ ಸ್ವಲ್ಪ ಹಾಕಿ ಎಂದು ತಟ್ಟೆ ಮುಂದೆ ಹಿಡಿದರು. ಇವರು ಚಮಚದಿಂದ ಲೋಟಕ್ಕೆ ತಾಳ ಹಾಕಲು ಶುರು ಮಾಡಿದರು. ಮೊಮ್ಮಗಳು ಬಾಯಿಯಲ್ಲಿ ತುತ್ತು ಇಟ್ಟುಕೊಂಡೇ ಅಜ್ಜನ ಜೊತೆ ಗುನುಗಿದಳು. ಮೊದಲು ಊಟ ಮಾಡಿ ಎಂದು ನಾನು ಇಬ್ಬರಿಗೂ ಹೇಳಿ, ಎಲ್ಲರ ತಟ್ಟೆಗೂ ಇನ್ನೊಂದು ಸೌಟು ಗಂಜಿ ಬಡಿಸಿದೆ.